ಕಲ್ಲು ಸರಿಸಿದ ಮೇಲೆ ಒಂದು ಗೇಣು

ಜಮಖಂಡಿಯ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಒಂದು ಕಲ್ಲು ಆನಿಸಿಟ್ಟಿದ್ದೇವೆ. ಗಾಳಿಗೆ ಬಾಗಿಲು ಬಡಿಯದಿರಲೆಂದು ಇಟ್ಟದ್ದು; ಅದಕ್ಕಿಂತ ಹೆಚ್ಚಿನ ಉದ್ಯೋಗ ಅದಕ್ಕೀಗ ಇಲ್ಲ. ತೆಂಗಿನಕಾಯಿಗಿಂತ ತುಸು ದೊಡ್ಡದು, ಬಣ್ಣ ಕಪ್ಪು, ನಡುವಿನಲ್ಲಿ ಸುತ್ತಲೂ ಬೆರಳು ಕೂರುವಷ್ಟು ಆಳದ ಒಂದು ಗೆರೆ. ಮನೆಗೆ ಬಂದವರು ಅದಕ್ಕೆ ಎಡವಿ, ಮೊದಲು ಬೈದು, ಆಮೇಲೆ ಬಗ್ಗಿ ನೋಡಿ, ಇದು ಒರಳಿನ ಗುಂಡೋ ಹಳೆಯ ಲಿಂಗವೋ ಎಂದು ವಿಚಾರಿಸುತ್ತಾರೆ. ಮುಧೋಳದಿಂದ ಬಂದಿದ್ದ ಹಿರಿಯರೊಬ್ಬರಂತೂ ತಲೆಯ ಮೇಲಿನ ಟೋಪಿ ತೆಗೆದು ಕೈಮುಗಿದೇಬಿಟ್ಟರು. ಭಕ್ತಿಗೆ ಅಡ್ಡಬರುವುದೇಕೆಂದು ನಾನೂ ಸುಮ್ಮನಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದು ದೇವರೂ ಅಲ್ಲ, ಗುಂಡೂ ಅಲ್ಲ. ಬನಹಟ್ಟಿಯ ನಮ್ಮ ಮಗ್ಗದ ಹಿಂದೆ ಹಗ್ಗಕ್ಕೆ ಜೋತುಬಿದ್ದು, ನನ್ನ ಅಜ್ಜನ ಕಾಲದಿಂದ ಅಪ್ಪನ ಕಾಲ ಮುಗಿಯುವವರೆಗೆ ನೂಲಿನ ಬಿಗಿಯನ್ನು ಕಾದ ತೂಕದ ಕಲ್ಲು ಅದು. ನಡುವಿನ ಗೆರೆ ಹಗ್ಗ ತಿಂದು ಮಾಡಿದ್ದು.

ಮಗ್ಗ ಕಂಡವರಿಗೆ ಇದು ಹೊಸದಲ್ಲ, ಕಾಣದವರಿಗಾಗಿ ಹೇಳುತ್ತೇನೆ. ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳೆಲ್ಲ ಮಗ್ಗದ ಹಿಂಬದಿಯಲ್ಲಿ ಒಂದು ದೊಡ್ಡ ಉರುಳೆಗೆ ಸುತ್ತಿಕೊಂಡಿರುತ್ತವೆ. ಮುಂದೆ ಬಟ್ಟೆ ಆಗುತ್ತ ಹೋದಂತೆ ಹಿಂದಿನ ಉರುಳೆ ಎಳೆಗಳನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು. ಬಿಡುವುದು ಹೆಚ್ಚಾದರೆ ಬಟ್ಟೆ ಜಾಳಾಗುತ್ತದೆ, ಕಡಿಮೆಯಾದರೆ ಎಳೆ ಕಡಿಯುತ್ತದೆ. ಅದಕ್ಕೇ ಉರುಳೆಗೆ ಹಗ್ಗ ಸುತ್ತಿ, ಹಗ್ಗದ ತುದಿಯನ್ನು ಹಲ್ಲುಗಳಿರುವ ಒಂದು ಅಡ್ಡಪಟ್ಟಿಗೆ ಕಟ್ಟಿ, ಆ ಪಟ್ಟಿಗೆ ಈ ಕಲ್ಲನ್ನು ತೂಗುಬಿಡುತ್ತಿದ್ದರು. ಸುತ್ತಿದ ನೂಲು ತೀರುತ್ತ ಉರುಳೆ ತೆಳ್ಳಗಾದಂತೆ ಅದೇ ಕಲ್ಲಿನ ಎಳೆತ ಎಳೆಗಳಿಗೆ ಬಿಗಿಯಾಗತೊಡಗುತ್ತದೆ. ಆಗ ಕಲ್ಲನ್ನು ಒಂದು ಹಲ್ಲಿನಷ್ಟು ಒಳಕ್ಕೆ ಸರಿಸಬೇಕು. ಕರೆಂಟಿನ ಮಗ್ಗ ಬಂದಾಗ ಅದರ ಜೊತೆಗೆ ಕಬ್ಬಿಣದ ಗುಂಡುಗಳೂ ಬಂದಿದ್ದವು. ಅಪ್ಪ ಅವನ್ನು ಮೂಲೆಗಿಟ್ಟು ತನ್ನ ಮಗ್ಗಕ್ಕೆ ಅಜ್ಜನ ಕಲ್ಲನ್ನೇ ಕಟ್ಟಿದ್ದ.

ಕಲ್ಲು ಸರಿಸುವುದರಲ್ಲಿ ಏನು ಮಹಾ ವಿದ್ಯೆ ಎಂದು ನೀವು ಕೇಳಬಹುದು. ವಿದ್ಯೆ ಇರುವುದು ಸರಿಸುವುದರಲ್ಲಿ ಅಲ್ಲ, ಸರಿಸಿದ ಮೇಲೆ. ಅಪ್ಪ ಕಲ್ಲನ್ನು ಒಂದು ಹಲ್ಲು ಸರಿಸಿದ ಕೂಡಲೇ ಮುಂದೆ ಬಂದು, ಆಗ ನೇಯುತ್ತಿದ್ದ ಜಾಗದಲ್ಲಿ ಬಟ್ಟೆಯ ಅಂಚಿಗೆ ಒಂದು ಚೂರು ಕೆಂಪು ನೂಲು ಕಟ್ಟುತ್ತಿದ್ದ. ಆ ಕೆಂಪು ಗಂಟಿನಿಂದ ಮುಂದೆ ಒಂದು ಗೇಣು ಬಟ್ಟೆ ಆಗುವವರೆಗೆ ಕಲ್ಲಿನ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಯಾಕೆಂದರೆ ಮಾಡಿದ ತಿದ್ದುಪಡಿ ಆ ಕ್ಷಣಕ್ಕೆ ಬಟ್ಟೆಯಲ್ಲಿ ಕಾಣುವುದಿಲ್ಲ. ಎಳೆಗಳು ಹೊಸ ಎಳೆತಕ್ಕೆ ಹೊಂದಿಕೊಳ್ಳಬೇಕು, ಹೊಂದಿಕೊಂಡದ್ದು ನೇಯ್ಗೆಯಾಗಿ ಮುಂದೆ ಬರಬೇಕು, ಬಂದದ್ದನ್ನು ಅಂಗೈಯಿಂದ ಸವರಿ ನೋಡಬೇಕು. "ಕಲ್ಲ ಸರಿಸಿದಿ? ಆತು. ಈಗ ಕೈ ಹಿಂದ ಕಟ್ಟಿ ನಿಂದ್ರು. ಗೇಣ ಅರಿವಿ ಆಗೂಮಟಾ ಅದರ ತಂಟೇಕ ಹೋಗಬ್ಯಾಡ," ಎಂದು ನನಗೆ ಮಗ್ಗ ಹಿಡಿಸಿದ ದಿನವೇ ಹೇಳಿದ್ದ. ನನಗಾಗ ಹದಿನಾಲ್ಕು ವರ್ಷ. ಆ ವಯಸ್ಸಿನಲ್ಲಿ ಕೈ ಹಿಂದೆ ಕಟ್ಟಿ ನಿಲ್ಲುವುದಕ್ಕಿಂತ ಕಠಿಣವಾದ ಕೆಲಸ ಇನ್ನೊಂದಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಅಪ್ಪ ಯಾವುದೋ ಮದುವೆಗೆಂದು ಬೀಳಗಿಗೆ ಹೋದ. ಅವನ ಮಗ್ಗ ನನ್ನ ಕೈಗೆ ಬಂತು, ಪಕ್ಕದ ಮಗ್ಗದಲ್ಲಿ ಅವ್ವ ಇದ್ದಳು. ನೇಯ್ದ ಬಟ್ಟೆ ಸವರಿ ನೋಡಿದೆ, ತುಸು ಜಾಳೆನಿಸಿತು. ಕಲ್ಲನ್ನು ಒಂದು ಹಲ್ಲು ಹೊರಕ್ಕೆ ಸರಿಸಿ ಕೆಂಪು ನೂಲು ಕಟ್ಟಿದೆ. ನಾಲ್ಕು ಬೆರಳು ನೇಯ್ದು ನೋಡಿದರೆ ಇನ್ನೂ ಜಾಳೇ. ಸಾಲಲಿಲ್ಲವೆಂದು ಮತ್ತೆರಡು ಹಲ್ಲು ಸರಿಸಿದೆ. ಅಷ್ಟರಲ್ಲಿ ಮೊದಲಿನದೂ ಎರಡನೆಯದೂ ಒಟ್ಟಿಗೇ ಬಂದು ಬಡಿದು, ಎಳೆಗಳು ಪಟಪಟನೆ ಕಡಿಯತೊಡಗಿದವು. ಹೆದರಿ ಕಲ್ಲನ್ನು ನಾಲ್ಕು ಹಲ್ಲು ಒಳಕ್ಕೆ ತಂದೆ. ಬಟ್ಟೆ ಸೊಳ್ಳೆಪರದೆಯಾಯಿತು. ಮತ್ತೆ ಹೊರಕ್ಕೆ, ಮತ್ತೆ ಒಳಕ್ಕೆ. ಸಂಜೆಯ ಹೊತ್ತಿಗೆ ನಾನು ಬೆವರಿನಲ್ಲಿ ಮಿಂದಿದ್ದೆ, ಬಟ್ಟೆಯಲ್ಲಿ ದಟ್ಟ ಒಂದು ಪಟ್ಟಿ, ಜಾಳು ಒಂದು ಪಟ್ಟಿ, ಯಾರೋ ಬೇಕೆಂದೇ ವಿನ್ಯಾಸ ಮಾಡಿದಷ್ಟು ಶಿಸ್ತಾಗಿ ಮೂಡಿದ್ದವು. ಆಲಸ್ಯದಿಂದ ಕೆಟ್ಟ ಕೆಲಸವಾಗಿದ್ದರೆ ನನಗಷ್ಟು ಸಂಕಟವಾಗುತ್ತಿರಲಿಲ್ಲ. ಆ ದಿನ ನಾನು ಒಂದು ನಿಮಿಷವೂ ಸುಮ್ಮನೆ ಕೂತವನಲ್ಲ.

ಮರುದಿನ ಅಪ್ಪ ಬಂದ. ಬಟ್ಟೆಯನ್ನು ಅಂಗಳದ ಬಿಸಿಲಿಗೆ ಹಿಡಿದು ನೋಡಿದ. ಎರಡು ಮೊಳದೊಳಗೆ ನಾನು ಹನ್ನೊಂದು ಕೆಂಪು ನೂಲು ಕಟ್ಟಿದ್ದೆ. ಅವನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದ. ಹೊಡೆತ ಬೀಳುತ್ತದೆಂದು ನಾನು ಅವ್ವನ ಬೆನ್ನ ಹಿಂದೆ ಸರಿದೆ. ಅಪ್ಪ ಮಾತ್ರ ತಣ್ಣಗೆ, "ನೂಲು ತಪ್ಪ ಮಾಡಿಲ್ಲ, ಕಲ್ಲೂ ತಪ್ಪ ಮಾಡಿಲ್ಲ. ನೀ ಕಾಯಲಿಲ್ಲ, ಅಷ್ಟ," ಎಂದು ಬಟ್ಟೆ ಮಡಿಚಿ ಅವ್ವನ ಕೈಗಿತ್ತ. ಅವ್ವ ಅದನ್ನು ಕೌದಿಗೆ ಹಾಕಿದಳು. ಆ ಕೌದಿ ಹೊದ್ದು ನಾನು ಎಷ್ಟೋ ಚಳಿಗಾಲ ಮಲಗಿದ್ದೇನೆ, ಚೆನ್ನಾಗಿಯೇ ಬೆಚ್ಚಗಿತ್ತು.

ಇಂಥ ತಾಳ್ಮೆಯ ಮನುಷ್ಯ ನನ್ನ ಅಪ್ಪ. ಆದರೆ ಆ ತಾಳ್ಮೆಯೆಲ್ಲ ನೂಲಿಗೆ ಮೀಸಲಾಗಿತ್ತು. ನನ್ನ ನಾಲಿಗೆಯ ವಿಷಯ ಬಂದರೆ ಅವನು ಬೇರೆಯೇ ಮನುಷ್ಯನಾಗುತ್ತಿದ್ದ. ನನಗೆ ಹುಟ್ಟಿನಿಂದ ಉಗ್ಗು. ಅದರಲ್ಲೂ ಪಕಾರವೆಂದರೆ ನನ್ನ ಬಾಯಿಗೆ ಬೀಗ. ಹೆಸರಿಟ್ಟವರು ಅದನ್ನು ತಿಳಿಯದೆ ನನಗೆ ಪರಪ್ಪನೆಂದು ಹೆಸರಿಟ್ಟರು. ಸಾಲೆಯಲ್ಲಿ ಮಾಸ್ತರು ಹೆಸರು ಕೇಳಿದರೆ ನಾನು ಎದ್ದು ನಿಂತು ಪ ಪ ಪ ಎನ್ನುತ್ತ ತುಟಿ ಬಡಿಯುತ್ತಿದ್ದೆ, ಹಿಂದಿನ ಸಾಲಿನವರು ನನಗೆ ಪಂಪಸೆಟ್ಟೆಂದು ಮರುನಾಮಕರಣ ಮಾಡಿದರು. ಹೆಸರು ಸರಿಯಾಗಿಯೇ ಇತ್ತೆಂದು ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ, ಅಳು ಬರುತ್ತಿತ್ತು.

ಅಪ್ಪ ಇದನ್ನು ತಿದ್ದಲು ಪಣತೊಟ್ಟ. ಸಾವಳಗಿಯಲ್ಲಿ ಯಾರೋ ಹೇಳಿದರೆಂದು ಬಜೆ ತಂದು, ತೇದು, ದಿನಾ ಬೆಳಿಗ್ಗೆ ನಾಲಿಗೆಗೆ ತಿಕ್ಕಿಸಿದ. ಊಟಕ್ಕೆ ಕೂತರೆ ನನ್ನ ಬಾಯಿಯ ಮೇಲೆಯೇ ಕಣ್ಣು. ನಾನು ಪಲ್ಯ ಬೇಕೆನ್ನಲು ಬಾಯಿ ತೆರೆದರೆ ಸಾಕು, "ತಡಿ. ಉಸರ ತಗೋ. ಮತ್ತೊಮ್ಮಿ ಹೇಳು. ಹಂಗಲ್ಲಲೇ, ಸಾವಕಾಶ. ಮತ್ತೊಮ್ಮಿ." ಎಂದು ಶುರುವಾಗುತ್ತಿತ್ತು. ಅಕ್ಷರ ತುಟಿ ದಾಟುವ ಮೊದಲೇ ತಿದ್ದುಪಡಿ ಬಂದು ಅದರ ಎದೆಗೆ ಒದೆಯುತ್ತಿತ್ತು. ಒಮ್ಮೊಮ್ಮೆ ನನ್ನ ಕಷ್ಟ ನೋಡಲಾಗದೆ ತಾನೇ ಆ ಮಾತನ್ನು ಮುಗಿಸಿಬಿಡುತ್ತಿದ್ದ, ಪಲ್ಯ ನನ್ನ ತಾಟಿಗೆ ಬೀಳುತ್ತಿತ್ತು, ನನಗೆ ಹಸಿವೆಯೇ ಹೋಗಿರುತ್ತಿತ್ತು. ನನ್ನನ್ನು ನೋಡಿ ನಾಲ್ಕು ಜನ ನಗಬಾರದೆಂಬ ಒಂದೇ ಕಾಳಜಿ ಅವನದು. ಅದು ನನಗೆ ಗೊತ್ತಿತ್ತು, ಗೊತ್ತಿದ್ದರೂ ಅಪ್ಪ ಮನೆಯೊಳಗೆ ಕಾಲಿಟ್ಟರೆ ನಾನು ಹಿತ್ತಲ ಬಾಗಿಲಿನಿಂದ ಹೊರಬೀಳುತ್ತಿದ್ದೆ.

ಮಾತು ಬರುತ್ತಿದ್ದ ಜಾಗ ಒಂದಿತ್ತು. ಬನಹಟ್ಟಿಯ ಓಣಿಗಳಲ್ಲಿ ನೀವು ಹಗಲು ಹೊತ್ತು ನಡೆದಿದ್ದರೆ ನಾನು ಹೇಳುವುದು ಅರ್ಥವಾದೀತು. ಎಡಕ್ಕೂ ಬಲಕ್ಕೂ ಮಗ್ಗಗಳ ಖಟಖಟ, ಕಾಲ ಕೆಳಗಿನ ಫರಸಿಯೂ ನಡುಗುತ್ತಿರುತ್ತದೆ. ಮಗ್ಗದ ಮನೆಯೊಳಗಂತೂ ಪಕ್ಕದಲ್ಲಿ ಸಿಡಿಲು ಬಿದ್ದರೂ ಗೊತ್ತಾಗದು. ಅಲ್ಲಿ ದುಡಿಯುವವರು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿಯುತ್ತಾರೆ. ಅವ್ವ ಇದರಲ್ಲಿ ಪಂಡಿತೆ. ಸಾಲೆ ಬಿಟ್ಟ ಕೂಡಲೇ ನಾನು ಓಡಿಬಂದು ಅವಳ ಮಗ್ಗದ ಎದುರಿಗೆ ನಿಂತು, ಆ ಸದ್ದಿನ ನಡುವೆ ಬಾಯಿ ತೆರೆಯುತ್ತಿದ್ದೆ. ಏನಾಶ್ಚರ್ಯ, ಪಕಾರವೂ ಬಕಾರವೂ ಎಣ್ಣೆ ಹಚ್ಚಿದಷ್ಟು ಸಲೀಸಾಗಿ ಉರುಳಿ ಬರುತ್ತಿದ್ದವು. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಕೇಳಿಸದ್ದರಿಂದ ತಪ್ಪು ಹುಡುಕುವವರೂ ಇರಲಿಲ್ಲ, ಹೊರಗಿನಿಂದ ಅಪ್ಪನೂ ಇಲ್ಲ, ಒಳಗಿನಿಂದ ನಾನೂ ಇಲ್ಲ. ಮಾಸ್ತರರು ಯಾರನ್ನು ಬೈದರು, ಪರೀಕ್ಷೆಯಲ್ಲಿ ಏನು ಬಂತು, ಪಂಪಸೆಟ್ಟೆಂದವನ ಪಾಟಿಯನ್ನು ನಾನು ಹೇಗೆ ಮುರಿದೆ, ಎಲ್ಲವನ್ನೂ ಹೇಳುತ್ತಿದ್ದೆ. ಅವ್ವ ಒಂದು ಕಣ್ಣು ಲಾಳಿಯ ಮೇಲೆ, ಒಂದು ಕಣ್ಣು ನನ್ನ ತುಟಿಯ ಮೇಲೆ ಇಟ್ಟು, ಸರಿಯಾದ ಕಡೆ ನಗುತ್ತಿದ್ದಳು, ಸರಿಯಾದ ಕಡೆ ಹುಬ್ಬು ಗಂಟಿಕ್ಕುತ್ತಿದ್ದಳು. ಆ ದಿನಗಳಲ್ಲಿ ಅಷ್ಟು ಸುಖವಾಗಿ ನಾನು ಬೇರೆಲ್ಲೂ ಮಾತಾಡಿಲ್ಲ.

ಒಂದು ದಿನ ಹಾಗೆಯೇ ಹೇಳುತ್ತಿದ್ದೆ, ಕರೆಂಟು ಹೋಯಿತು. ಓಣಿಗೆ ಓಣಿಯೇ ಒಮ್ಮೆಲೆ ಸ್ತಬ್ಧವಾಯಿತು. ಆ ನಿಶ್ಶಬ್ದದೊಳಗೆ ನನ್ನ ದನಿಯೊಂದೇ ಉಳಿದು, ಅದು ನನ್ನ ಕಿವಿಗೆ ಬಿದ್ದದ್ದೇ ತಡ, ಮುಂದಿನ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡಿತು. ಪ... ಪ... ಎನ್ನುತ್ತ ನಿಂತೆ. ಆಚೆ ಮಗ್ಗದಿಂದ ಅಪ್ಪನ ದನಿ ಬಂತು: "ತಡಿ. ಉಸರ ತಗೋ. ಮತ್ತೊಮ್ಮಿ." ಅವ್ವ ಅವನ ಕಡೆ ತಿರುಗಿ, "ಒಂದೀಟ ಸುಮ್ಕ ಇರ್ರೆಲಾ, ನನ್ನ ಕೂಡ ಮಾತಾಡಾಕತ್ತಾನವ," ಎಂದಳು. ಅವ್ವ ಕಾದಳು, ಆದರೆ ನನ್ನ ಮಾತು ಬರಲಿಲ್ಲ. ಕರೆಂಟು ಬರುವವರೆಗೆ ನಾವು ಮೂವರೂ ಹಾಗೇ ಇದ್ದೆವು.

ನಾನು ಇಂಜಿನಿಯರಿಂಗ್ ಓದಲು ಹೋದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಅಂಕಿಗಳಿಗೆ ಬಾಯಿಪಾಠ ಒಪ್ಪಿಸುವ ಕಾಟವಿಲ್ಲವೆಂದು ಹೋದೆ. ಅಲ್ಲಿ ಮೂರನೆಯ ವರ್ಷ ಪ್ರಾಧ್ಯಾಪಕರೊಬ್ಬರು ಬೋರ್ಡಿನ ಮೇಲೆ ಒಂದು ಚೌಕ ಬರೆದು, ಅದರೊಳಗಿಂದ ಹೊರಟ ಬಾಣವನ್ನು ಸುತ್ತಿಸಿ ಮತ್ತೆ ಅದರ ಬಾಗಿಲಿಗೇ ತಂದು ನಿಲ್ಲಿಸಿದರು. ಇದು ಫೀಡ್‌ಬ್ಯಾಕು, ಎಂದರು. ಯಂತ್ರ ತಾನು ಮಾಡಿದ್ದನ್ನು ತಾನೇ ನೋಡಿ, ಬೇಕಾದದ್ದಕ್ಕೂ ಆದದ್ದಕ್ಕೂ ಇರುವ ಅಂತರವನ್ನು ಅಳೆದು, ಅಷ್ಟನ್ನು ತಿದ್ದಿಕೊಳ್ಳುವುದು. ತಿದ್ದುವ ಕೈ ತೀರ ಮೃದುವಾದರೆ ತಪ್ಪು ಹಾಗೇ ಉಳಿಯುತ್ತದೆ. ತೀರ ಬಿರುಸಾದರೆ, ಅದರಲ್ಲೂ ಮಾಡಿದ್ದು ಕಣ್ಣಿಗೆ ಬೀಳುವುದು ತಡವಾದರೆ, ಯಂತ್ರ ಗುರಿಯನ್ನು ದಾಟಿ ಆಚೆ ಹೋಗುತ್ತದೆ, ಹೆದರಿ ಈಚೆ ಬರುತ್ತದೆ, ಹೀಗೆ ತೊಯ್ದಾಡುತ್ತ ಕೊನೆಗೆ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಅವರು ಬರೆದ ಆ ಏರಿಳಿತದ ರೇಖೆಯನ್ನು ನೋಡುತ್ತ ನಾನು ನನ್ನ ಕೌದಿಯನ್ನು ಕಂಡೆ. ಸುತ್ತಮುತ್ತ ಅರವತ್ತು ಹುಡುಗರು ತೂಕಡಿಸುತ್ತಿದ್ದರು, ನನಗೆ ಮೈ ಜುಮ್ಮೆಂದಿತು.

ಮುಂದಿನ ವಾರ ಅದಕ್ಕೆ ಮದ್ದನ್ನೂ ಹೇಳಿದರು. ಕಾಂಪೆನ್ಸೇಶನ್ನು, ನಮ್ಮ ಮಾತಿನಲ್ಲಿ ಸರಿದೂಗಿಸುವುದು. ಯಂತ್ರವನ್ನು ಬದಲಿಸದೆ, ತಿದ್ದುವ ಕೈಯ ಸ್ವಭಾವವನ್ನು ಮಾತ್ರ ಬದಲಿಸುವ ಒಂದು ಚಿಕ್ಕ ಪೆಟ್ಟಿಗೆಯನ್ನು ನಡುವೆ ಸೇರಿಸುತ್ತಾರೆ. ಒಂದು ಬಗೆಯದು ತಪ್ಪು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೊರಟಿದೆ ಎಂಬುದನ್ನು ನೋಡಿ ಮುಂಚಿತವಾಗಿಯೇ ಕೈಹಾಕುತ್ತದೆ. ಇನ್ನೊಂದು ಬಗೆಯದು ಚಿಲ್ಲರೆ ಅಲುಗಾಟಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ, ಕೊನೆಗೆ ಉಳಿದುಕೊಂಡ ತಪ್ಪನ್ನು ಸಾವಧಾನದಿಂದ ತೊಡೆಯುತ್ತದೆ. ಎರಡನೆಯದು ಮಗ್ಗದ ಮುಂದೆ ನಿಂತ ನನ್ನ ಅಪ್ಪ. ಮೊದಲನೆಯದನ್ನು ನಾನು ಯಾರೂ ಕಲಿಸದೆ ಕಲಿತಿದ್ದೆ. ನಾಲ್ಕು ಮಾತಿನಾಚೆ ಒಂದು ಪಕಾರ ಬರಲಿದೆಯೆಂದು ನನಗೆ ಮೊದಲೇ ವಾಸನೆ ಬಡಿಯುತ್ತಿತ್ತು, ಕೂಡಲೇ ದಾರಿ ಬದಲಿಸುತ್ತಿದ್ದೆ. ಪುಸ್ತಕವನ್ನು ಗ್ರಂಥವೆಂದೆ, ಬಸ್ಸನ್ನು ಗಾಡಿಯೆಂದೆ, ಪಾಪವೆನ್ನಬೇಕಾದಲ್ಲಿ ಅಯ್ಯೋ ಎಂದೆ. ನನ್ನ ಕನ್ನಡ ಇಷ್ಟು ಗ್ರಾಂಥಿಕವಾದದ್ದು ವಿದ್ವತ್ತಿನಿಂದಲ್ಲ, ಭಯದಿಂದ.

ಹೀಗೆ ದಾರಿ ಬದಲಿಸುತ್ತಲೇ ಜಮಖಂಡಿಯಲ್ಲಿ ಪಾಲಿಟೆಕ್ನಿಕ್ಕಿನ ಮೇಷ್ಟ್ರಾದೆ, ಮೂವತ್ತು ವರ್ಷ ಈ ವಿಷಯವನ್ನೇ ಕಲಿಸಿದೆ. ಮಾತಿಗಿಂತ ಬೋರ್ಡಿನ ಮೇಲೆ ಹೆಚ್ಚು ಬರೆದೆ. ಮಕ್ಕಳು ಒಳ್ಳೆಯವರು, ನಗಬೇಕಾದವರು ಮೊದಲ ವಾರದಲ್ಲಿ ನಕ್ಕು ಮುಗಿಸುತ್ತಿದ್ದರು. ಪಾಠವನ್ನು ಅವರೇ ನನಗೆ ಹೇಳಿಕೊಟ್ಟದ್ದೂ ಉಂಟು. ಒಮ್ಮೆ ವಿಳಂಬದ ವಿಚಾರ ಹೇಳುತ್ತಿದ್ದಾಗ ಹಿಪ್ಪರಗಿಯ ಕಡೆಯ ಹುಡುಗನೊಬ್ಬ ಎದ್ದುನಿಂತು, "ನಮ್ಮ ಕಾಕಾ ಹಿಂಗ ಮಾಡ್ಯಾನ್ರಿ ಸರ್. ಕಾಲಿವಿ ತೂಬ ತಗದ, ನೀರ ಬರವಲ್ದಂತ ಇನ್ನಷ್ಟ ತಗದ, ಆಮ್ಯಾಲ ಕಬ್ಬಿನಾಗ ಈಜಿಕೋತ ಮನಿಗಿ ಬಂದ," ಎಂದ. ನನ್ನ ಮೂವತ್ತು ವರ್ಷದ ಸಮೀಕರಣಗಳು ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಮನೆಗೆ ಬಂದ, ಜೊತೆಗೆ ಕಲ್ಲನ್ನೂ ತಂದ. ನಲವತ್ತು ವರ್ಷ ಮಗ್ಗದ ಸದ್ದು ತಿಂದ ಅವನ ಕಿವಿಗಳು ಅಷ್ಟೊತ್ತಿಗೆ ಪೂರ್ತಿ ಮುಚ್ಚಿದ್ದವು. ಕೇಳಿಸದಿದ್ದರೂ ಅವನಿಗೆ ಕಷ್ಟವೇನಿರಲಿಲ್ಲ, ತುಟಿ ನೋಡಿ ಎಲ್ಲ ತಿಳಿಯುತ್ತಿದ್ದ. ನನಗಂತೂ, ಹೇಳಲು ನಾಚಿಕೆಯಾಗುತ್ತದೆ, ಸುಗ್ಗಿಯೇ ಬಂದಿತ್ತು. ಅಪ್ಪನೆದುರು ಕೂತು ದನಿಯಿಲ್ಲದೆ ತುಟಿ ಆಡಿಸಿದರೆ ಸಾಕು, ಒಂದು ಅಕ್ಷರವೂ ತಡವರಿಸುತ್ತಿರಲಿಲ್ಲ. ಹಳೆಯ ಮಗ್ಗದ ಮನೆಯ ಸುಖ ಮರಳಿ ಸಿಕ್ಕಿತು. ಹತ್ತು ವರ್ಷ ನಾವಿಬ್ಬರೂ ಎದುರುಬದುರು ಕೂತು ಬನಹಟ್ಟಿಯ ಓಣಿಗಳನ್ನೂ, ಅವ್ವ ನಗುತ್ತಿದ್ದ ಬಗೆಯನ್ನೂ, ಸತ್ತವರನ್ನೂ, ಇದ್ದವರನ್ನೂ ಮಾತಾಡಿದೆವು. ನನ್ನ ಉಗ್ಗು ಹೋಗಿದೆಯೆಂದೇ ಅಪ್ಪ ತಿಳಿದಿದ್ದ. ನಾನೂ ತಿಳಿಯಗೊಟ್ಟಿದ್ದೆ.

ಕಿವಿಗೆ ಮಷೀನು ಹಾಕಿಸೋಣವೆಂದು ಮೊದಲು ಹೇಳಿದ್ದು ನನ್ನ ಹೆಂಡತಿ ಕಸ್ತೂರಿ. ಹೌದೆಂದೆ, ಹೆಸರು ಬರೆಸಿ ದಿನ ಗೊತ್ತುಮಾಡಿದೆ. ಆ ದಿನ ಬಂದಾಗ ಪರೀಕ್ಷೆಯ ಕೆಲಸವಿದೆಯೆಂದು ಮುಂದೂಡಿದೆ. ಎರಡನೆಯ ಸಲ ನನಗೆ ಜ್ವರ ಬಂತು, ಅಥವಾ ಬಂದಂತಾಯಿತು. ಮೂರನೆಯ ಸಲ ಮಳೆಯ ನೆವ ಹೇಳಿದೆ. ಆ ದಿನ ಬಿದ್ದದ್ದು ನಾಲ್ಕು ಹನಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಅಪ್ಪ ರಸ್ತೆ ದಾಟುತ್ತಿದ್ದಾಗ, ಎರಡು ಟ್ರೇಲರು ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಹಾರ್ನು ಬಾರಿಸುತ್ತ ಬಂದು, ಅವನ ಧೋತರದ ಚುಂಗು ಸವರಿಕೊಂಡು ಹೋಯಿತು. ಅಪ್ಪನಿಗೆ ಅದು ಹೋದ ಮೇಲೆಯೇ ಗೊತ್ತಾದದ್ದು. ಕಸ್ತೂರಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಒಳಗೆ ಬಂದವಳು ನನ್ನೆದುರು ನಿಂತು, "ನಿಮಗ ಮಾವಾರಿಗಿ ಕಿಂವಿ ಬರೂದು ಬ್ಯಾಡಾಗೇತೇನ್ರಿ? ಖರೆ ಹೇಳ್ರಿ," ಎಂದಳು. ನಾನು ಕೆಟ್ಟ ಮಗನೆಂದು ನನಗೆ ಆ ಹೊತ್ತು ಅನಿಸಿದಷ್ಟು ಇನ್ನಾವಾಗಲೂ ಅನಿಸಿಲ್ಲ.

ಮರುದಿನವೇ ಕರೆದುಕೊಂಡು ಹೋದೆ. ಮಷೀನು ಕೂರಿಸುವ ಹುಡುಗಿ ಅಪ್ಪನ ಕಿವಿಗೆ ಅದನ್ನು ಇಟ್ಟದ್ದೇ, ಕುಂಯ್ ಎಂದು ಸಣ್ಣದಾಗಿ ಕಿರುಚಿತು. ಒಳಗಿನ ಸದ್ದು ಸಂದಿಯಿಂದ ಹೊರಬಂದು ಮತ್ತೆ ಮಷೀನಿನ ಬಾಯಿಂದಲೇ ಒಳಹೊಕ್ಕು ಸುತ್ತುತ್ತಿದೆಯೆಂದು ನಾನು ವಿವರಿಸತೊಡಗಿದೆ. ಅವಳು ನನ್ನ ಪಾಠ ಮುಗಿಯುವ ಮೊದಲೇ ಸರಿಪಡಿಸಿದ್ದಳು. ಆಮೇಲೆ ಅಪ್ಪನಿಗೆ, "ಅಜ್ಜಾರ, ಈಗ ಸಣ್ಣಗ ಇಟ್ಟೇನ್ರಿ. ಹದಿನೈದ ದಿನ ಹಿಂಗ ಇರಲಿ, ಆಮ್ಯಾಲ ನೋಡಿ ಏರಸೂಣು. ನಡುವ ನೀವ ತಿರಿವ್ಯಾಡಬ್ಯಾಡ್ರಿ," ಎಂದಳು. ಅಪ್ಪನಿಗೆ ಬಲು ಹಿಗ್ಗಾಯಿತು. "ಶಾಣ್ಯಾ ಅದಿ ತಂಗಿ, ನೇಕಾರ ಮನಿ ಮಗಳೇನು?" ಎಂದು ಕೇಳಿದ. ಅಲ್ಲವೆಂದಳು. ಅಪ್ಪ ನಂಬಲಿಲ್ಲ.

ಮನೆಗೆ ಬಂದ ಅಪ್ಪ ಎಳೆಗೂಸಾದ. ಕಾಗೆ ಕೂಗಿದರೆ ಕಿಟಕಿಗೆ, ಕುಕ್ಕರು ಸೀಟಿ ಹೊಡೆದರೆ ಅಡುಗೆಮನೆಗೆ. ಕಸ್ತೂರಿಯ ಬಳೆಯ ಸದ್ದು ಕೇಳಿ, ಇದು ಇಷ್ಟು ದಿನವೂ ಇತ್ತೇ ಎಂದು ಬೆರಗಾದ. ಎಲ್ಲವನ್ನೂ ಕೇಳಿಸಿಕೊಂಡ, ನನ್ನೊಬ್ಬನನ್ನು ಬಿಟ್ಟು. ನಾನು ಬೇಗ ಹೊರಗೆ ಹೋಗುತ್ತಿದ್ದೆ, ತಡವಾಗಿ ಬರುತ್ತಿದ್ದೆ, ಅವನು ಏನಾದರೂ ಕೇಳಿದರೆ ದನಿಯಿಲ್ಲದೆ ತುಟಿಯಾಡಿಸಿ ಜಾರಿಕೊಳ್ಳುತ್ತಿದ್ದೆ. ಅಪ್ಪ ಮಷೀನು ಕೆಟ್ಟಿತೆಂದು ತಿಳಿದು ಎರಡು ಸಲ ಕಿವಿಯಿಂದ ತೆಗೆದು ಅಲುಗಾಡಿಸಿ ನೋಡಿದ. ಅರವತ್ತರ ಹೊಸ್ತಿಲಲ್ಲಿದ್ದ ನಾನು ಹದಿನಾಲ್ಕರ ಹುಡುಗನಷ್ಟೇ ಅಂಜಿದ್ದೆ: ಆ "ಮತ್ತೊಮ್ಮಿ" ಎಂಬ ಮಾತು ಈ ವಯಸ್ಸಿನಲ್ಲಿ ಇನ್ನೊಂದು ಸಲ ಬಿದ್ದರೆ ಅಪ್ಪನ ಮೇಲೆ ನನಗೆ ಉಳಿದಿರುವ ಪ್ರೀತಿ ಎಷ್ಟೋ ಅಷ್ಟೂ ಒಡೆದೀತೆಂಬ ಭಯ.

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕಟ್ಟೆಯ ಮೇಲೆ ಕೂತಿದ್ದ ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಎದುರಿಗಲ್ಲ, ಪಕ್ಕದಲ್ಲಿ, ನನ್ನ ತುಟಿ ಅವನಿಗೆ ಕಾಣುವಂತಿರಲಿಲ್ಲ. "ನಿನ್ನಿ ಫೋನಿನ್ಯಾಗ ಮಾತಾಡಾಕತ್ತಿದ್ದಿ. ಕೇಳಿಸ್ತು," ಎಂದ. "ಹೋಗಿಲ್ಲಲ್ಲೋ ಅದು. ನಾ ತಿದ್ದಿ ತಿದ್ದಿ ಹೆಚ್ಚ ಮಾಡಿದ್ನೇನ ಪರಪ್ಪಾ?"

"ಇಲ್ಲ ಯಪ್ಪಾ, ಹಂಗೇನಿಲ್ಲ," ಎಂದೆ. ದನಿ ತೆರೆದೇ ಹೇಳಿದೆ, ಒಂದು ಅಕ್ಷರವೂ ಎಡವಲಿಲ್ಲ.

ಅಪ್ಪ ನಕ್ಕ. "ಇಷ್ಟ ಸರಾಗ ಬಂತಂದ್ರ ಅದು ಖರೆ ಅಲ್ಲ ಬಿಡು. ಖರೆ ಹೇಳೂ ಮುಂದ ನೀ ಯಾವತ್ತೂ ನಿಂತ ನಿಂತ ಹೇಳ್ತಿ. ಹೇಳು, ನಾ ಕುಂತೇನಿ."

ನಾನು ಬಾಯಿ ತೆರೆದೆ. ಹೌದೆನ್ನುವ ಮಾತಿನ ಮೊದಲಕ್ಷರ ಗಾಳಿಯಾಗಿ ಹೊರಟು ಹಲ್ಲಿನ ಹಿಂದೆ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಕುತ್ತಿಗೆಯ ನರ ಉಬ್ಬಿದ್ದು ನನಗೇ ಗೊತ್ತಾಗುತ್ತಿತ್ತು. ಕಸ್ತೂರಿ ಬಾಗಿಲಿಗೆ ಬಂದವಳು ನಮ್ಮನ್ನು ನೋಡಿ ಹಾಗೇ ಹಿಂದಕ್ಕೆ ಸರಿದಳು. ಅಪ್ಪನ ತುಟಿ ಒಮ್ಮೆ ಅಲುಗಿತು; ಅರ್ಧ ಶತಮಾನದ ಚಾಳಿ, ಎಲ್ಲಿ ಹೋದೀತು. ಅವನು ಅದನ್ನು ಒಳಗೆ ಕಚ್ಚಿ ಹಿಡಿದು, ಮೊಣಕಾಲ ಮೇಲಿನ ಕೈಗಳನ್ನು ನೋಡುತ್ತ ಕೂತ.

"ಹೌದ ಯ... ಯಪ್ಪಾ," ಎಂದೆ ಕೊನೆಗೆ. "ಭಾ... ಭಾಳ ಹೆಚ್ಚಾತು."

ಅಪ್ಪ ತಲೆಯಾಡಿಸಿದ. ಕಣ್ಣು ಒರೆಸಿಕೊಂಡನೋ, ಬೆವರು ಒರೆಸಿಕೊಂಡನೋ, ನಾನು ತಿರುಗಿ ನೋಡಲಿಲ್ಲ. "ಆತು," ಎಂದ. ಬಹಳ ಹೊತ್ತಿನ ಮೇಲೆ, "ಇನ್ನೇನರ ಐತೇನು? ಹೇಳು," ಎಂದ.

ಇತ್ತು. ಕಿವಿಯ ಮಷೀನನ್ನು ಮೂರು ಸಲ ಮುಂದೂಡಿದ್ದು ಯಾಕೆಂಬುದರಿಂದ ಶುರುಮಾಡಿ ಹೇಳುತ್ತ ಹೋದೆ. ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಕಟ್ಟೆಯಿಂದ ಇಳಿದು ರಸ್ತೆಯ ಆಚೆಗೆ ಹೋಗಿತ್ತು, ಅಪ್ಪ ನಡುವೆ ಒಂದು ಮಾತೂ ಆಡಲಿಲ್ಲ.